ಹೈಗೇಟ್‌ನಿಂದ ಬ್ಲೂಮ್ಸ್‌ಬರಿಗೆ: ಲಂಡನ್ನಿನಲ್ಲಿ ಎಡಪಕ್ಷಗಳ ಒಡಕಿನ ಜಾಡು

ಲಂಡನ್ನಿನಲ್ಲಿ ಕಾರ್ಲ್ ಮಾರ್ಕ್ಸ್ ಸಮಾಧಿ ನೋಡಲು ಹೊರಟವರು ಎಡವುವುದು ರೈಲು ನಿಲ್ದಾಣದಲ್ಲೇ. ಹೆಸರು ನಂಬಿ ಹೈಗೇಟ್ ನಿಲ್ದಾಣದಲ್ಲಿ ಇಳಿದರೆ ನಡಿಗೆ ಸುಮ್ಮನೆ ಉದ್ದವಾಗುತ್ತದೆ. ಇಳಿಯಬೇಕಾದದ್ದು ನಾರ್ದರ್ನ್ ಲೈನಿನ ಆರ್ಚ್‌ವೇಯಲ್ಲಿ. ಅಲ್ಲಿಂದ ಹೈಗೇಟ್ ಹಿಲ್ ಏರಿ, ವಾಟರ್‌ಲೋ ಪಾರ್ಕ್ ಹಾದು, ಸ್ವೇನ್ಸ್ ಲೇನ್ ಕಡೆಯ ಗೇಟಿನಿಂದ ಹೊರಬಿದ್ದರೆ ಸ್ಮಶಾನದ ಬಾಗಿಲು ಪಕ್ಕದಲ್ಲೇ. ಇಪ್ಪತ್ತು ನಿಮಿಷದ ದಾರಿ, ಏರು ಮಾತ್ರ ಜೋರು. ಸ್ಮಶಾನಕ್ಕೆ ಪೂರ್ವ, ಪಶ್ಚಿಮ ಎಂದು ಎರಡು ಭಾಗ. ಮಾರ್ಕ್ಸ್ ಇರುವುದು ಪೂರ್ವದಲ್ಲಿ. ಟಿಕೆಟ್ ಕೊಳ್ಳಬೇಕು. ಬಾಗಿಲು ಹಾಕುವ ಹೊತ್ತಿಗೆ ಸಾಕಷ್ಟು ಮೊದಲೇ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ. ಹಾಗಾಗಿ ದಿನದ ಮೊದಲ ತಾಣ ಇದೇ ಆಗಲಿ.

ಎತ್ತರದ ಕಲ್ಲಿನ ಪೀಠ, ಮೇಲೆ ಕಂಚಿನ ಭಾರಿ ತಲೆ. ಶಿಲ್ಪಿ ಲಾರೆನ್ಸ್ ಬ್ರಾಡ್‌ಷಾ. ಎಲ್ಲರೂ ತಲೆಯ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ, ಆದರೆ ನೋಡಬೇಕಾದದ್ದು ಪೀಠದ ಮುಂಭಾಗಕ್ಕೆ ಕೂಡಿಸಿರುವ ಚಿಕ್ಕ ಅಮೃತಶಿಲೆಯ ಹಲಗೆ. ಮೂಲ ಸಮಾಧಿಯ ಕಲ್ಲು ಅದು. ಮಾರ್ಕ್ಸ್ ಹೆಸರಿನ ಜೊತೆ ಹೆಂಡತಿ ಜೆನ್ನಿ, ಮೊಮ್ಮಗ ಹ್ಯಾರಿ, ಜೀವನಪೂರ್ತಿ ಆ ಮನೆಯನ್ನು ನಡೆಸಿದ ಹೆಲೆನಾ ಡೆಮುತ್ ಅವರ ಹೆಸರೂ ಅದರಲ್ಲಿವೆ. 2019ರಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದು ಅದಕ್ಕೆ ಪೆಟ್ಟು ಮಾಡಿದರು. ಕುಟುಂಬದ ಸಮಾಧಿ ಮೊದಲಿದ್ದದ್ದು ಇದೇ ಸ್ಮಶಾನದ ಒಳಮೂಲೆಯಲ್ಲಿ. 1954ರಲ್ಲಿ ಈಗಿನ ಜಾಗಕ್ಕೆ ತಂದರು. ಪ್ರತಿಮೆಯನ್ನು 1956ರ ಮಾರ್ಚ್‌ನಲ್ಲಿ ಅನಾವರಣ ಮಾಡಿದವರು ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷದ ಹ್ಯಾರಿ ಪಾಲಿಟ್. ಅದಕ್ಕೆ ಕೆಲವೇ ವಾರ ಮೊದಲು, ಫೆಬ್ರವರಿ 25ರಂದು, ಮಾಸ್ಕೋದ ಮುಚ್ಚಿದ ಸಭೆಯಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಸ್ಟಾಲಿನ್ ವಿರುದ್ಧ ಭಾಷಣ ಮಾಡಿದ್ದರು. ವರ್ಷದ ಕೊನೆಗೆ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿದ್ದವು, ಸಾವಿರಾರು ಸದಸ್ಯರು ಪಕ್ಷ ಬಿಟ್ಟಿದ್ದರು.

ಈ ಸಮಾಧಿಯ ನೆರೆಹೊರೆಯೇ ಒಂದು ಪಾಠ. ಎಡಬದಿಗೆ ಟ್ರಿನಿಡಾಡ್‌ನಲ್ಲಿ ಹುಟ್ಟಿ, ಅಮೆರಿಕದಿಂದ ಗಡೀಪಾರಾಗಿ ಬಂದ ಕಮ್ಯುನಿಸ್ಟ್ ಪತ್ರಕರ್ತೆ ಕ್ಲಾಡಿಯಾ ಜೋನ್ಸ್. ಹತ್ತಿರದಲ್ಲೇ ದಕ್ಷಿಣ ಆಫ್ರಿಕಾದ ಕಮ್ಯುನಿಸ್ಟ್ ನಾಯಕ ಯೂಸುಫ್ ದಾದೂ. 1956ರ ನಂತರವೂ ಪಕ್ಷ ಬಿಡದ ಇತಿಹಾಸಕಾರ ಎರಿಕ್ ಹಾಬ್ಸ್‌ಬಾಮ್ ಇದೇ ಪೂರ್ವಭಾಗದಲ್ಲಿದ್ದಾರೆ. ಸೋವಿಯತ್ ವ್ಯವಸ್ಥೆ ಸಮಾಜವಾದವೇ ಅಲ್ಲ ಎಂದು ವಾದಿಸಿದ ಸೋಷಲಿಸ್ಟ್ ವರ್ಕರ್ಸ್ ಪಾರ್ಟಿಯ ಕ್ರಿಸ್ ಹಾರ್ಮನ್, ಪಾಲ್ ಫೂಟ್ ಇಲ್ಲೇ. ಇರಾನಿನ ವರ್ಕರ್-ಕಮ್ಯುನಿಸ್ಟ್ ಪಕ್ಷ ಕಟ್ಟಿದ ಮನ್ಸೂರ್ ಹೆಕ್ಮತ್ ಕೂಡ ಇಲ್ಲೇ. ಬದುಕಿದ್ದಾಗ ಇವರಲ್ಲಿ ಹಲವರು ಒಂದೇ ವೇದಿಕೆ ಹತ್ತುತ್ತಿರಲಿಲ್ಲ. ಇವರನ್ನು ಬೇರ್ಪಡಿಸಿದ್ದು ಅಹಂಕಾರವಲ್ಲ, ಒಂದು ಪ್ರಶ್ನೆ: 1917ರಲ್ಲಿ ರಷ್ಯಾದಲ್ಲಿ ಹುಟ್ಟಿದ ಪ್ರಭುತ್ವ ಏನಾಗಿತ್ತು, ಅದು ಕೆಟ್ಟದ್ದು ಯಾವಾಗ? ಪಕ್ಷ ಎಷ್ಟೇ ಚಿಕ್ಕದಿರಲಿ, ಅದು ಹೇಳುವ ಇಸವಿ ಗೊತ್ತಾದರೆ ಅದರ ಬುಡ ಅರ್ಧ ಸಿಕ್ಕಂತೆ.

ಮರಳಿ ಆರ್ಚ್‌ವೇಗೆ ಬಂದು ‘ವಯಾ ಬ್ಯಾಂಕ್’ ಎಂದು ಬೋರ್ಡಿರುವ ರೈಲನ್ನೇ ಹತ್ತಬೇಕು. ಚೇರಿಂಗ್ ಕ್ರಾಸ್ ಕಡೆಯದು ಕಿಂಗ್ಸ್ ಕ್ರಾಸ್‌ಗೆ ಹೋಗುವುದಿಲ್ಲ. ಕಿಂಗ್ಸ್ ಕ್ರಾಸ್‌ನಲ್ಲಿ ಇಳಿದು ಕ್ಯಾಲೆಡೋನಿಯನ್ ರೋಡಿಗೆ ತಿರುಗಿದರೆ ಹೌಸ್‌ಮನ್ಸ್ ಪುಸ್ತಕದಂಗಡಿ. 1945ರಲ್ಲಿ ಶಾಂತಿ ಚಳವಳಿಯವರು ಶುರುಮಾಡಿದ ಇದು ಯಾವ ಪಕ್ಷದ್ದೂ ಅಲ್ಲ. ಆದ್ದರಿಂದಲೇ ಎಲ್ಲ ಬಣಗಳ ಪತ್ರಿಕೆ ಒಂದೇ ಕಡೆ ಸಿಗುತ್ತವೆ. ಇಲ್ಲಿ ಬೇಗ ಹೊರಡಬೇಡಿ. ಕೈಗೆತ್ತಿಕೊಂಡ ಪತ್ರಿಕೆಯ ಮುಖಪುಟ ಬಿಟ್ಟು, ‘ನಮ್ಮ ನಿಲುವು’ ಎಂಬಂಥ ಅಂಕಣ ಹುಡುಕಿ. ಮುಖಪುಟದಲ್ಲಿ ಎಲ್ಲರೂ ಬಾಡಿಗೆ, ವೇತನ, ಯುದ್ಧದ ಬಗ್ಗೆ ಹೆಚ್ಚುಕಮ್ಮಿ ಒಂದೇ ಮಾತು ಬರೆದಿರುತ್ತಾರೆ. ವ್ಯತ್ಯಾಸ ತೆರೆದುಕೊಳ್ಳುವುದು ಆ ಚಿಕ್ಕ ಅಕ್ಷರದ ಅಂಕಣದಲ್ಲಿ.

ಅಲ್ಲಿ ಸ್ಟಾಲಿನ್ ಕಾಲ ಸರಿಯಿತ್ತು, ಕ್ರುಶ್ಚೇವ್ ಬಂದ ಮೇಲೆ ಮೂಲ ತತ್ವಗಳನ್ನು ಸಡಿಲಿಸುವ ಪರಿಷ್ಕರಣವಾದ ಹೊಕ್ಕಿತು ಎಂದಿದ್ದರೆ ಅದು ಮಾರ್ಕ್ಸ್‌ವಾದಿ-ಲೆನಿನ್‌ವಾದಿ ಬಣ, ಇಸವಿ 1956. ಸಂಸತ್ತಿನ ಮೂಲಕ ಶಾಂತಿಯುತವಾಗಿ ಸಮಾಜವಾದಕ್ಕೆ ಹೋಗಬಹುದೆಂಬ ಕ್ರುಶ್ಚೇವ್ ಮಾತನ್ನು ಚೀನಾ ಪಕ್ಷ ಅರವತ್ತರ ದಶಕದಲ್ಲಿ ಬಹಿರಂಗವಾಗಿ ಖಂಡಿಸಿತು, ಹಲವು ದೇಶಗಳಲ್ಲಿ ಪಕ್ಷಗಳು ಒಡೆದವು. ನಮ್ಮ ಓದುಗರಿಗೆ ಎಂ-ಎಲ್ ಎಂದರೆ 1967ರ ನಕ್ಸಲ್‌ಬಾರಿ ನೆನಪಾಗುತ್ತದೆ. ಬ್ರಿಟನ್ನಿನಲ್ಲಿ ಅದೇ ಅಲೆಯಲ್ಲಿ, 1968ರಲ್ಲಿ, ಎಂಜಿನಿಯರಿಂಗ್ ಕಾರ್ಮಿಕರ ಸಂಘದ ನಾಯಕ ರೆಗ್ ಬರ್ಚ್ ಎಂ-ಎಲ್ ಪಕ್ಷ ಕಟ್ಟಿದರು. ಮಾವೋ ತೀರಿಕೊಂಡ ಮೇಲೆ, 1978ರಲ್ಲಿ ಚೀನಾ ಮತ್ತು ಅಲ್ಬೇನಿಯಾ ಬೇರೆಯಾದಾಗ, ಈ ಬಣದೊಳಗೇ ಮತ್ತೊಂದು ಬಿರುಕು: ಮಾವೋ ಚಿಂತನೆ ಹಿಡಿದವರು ಒಂದು ಕಡೆ, ಅಲ್ಬೇನಿಯಾದ ನಾಯಕ ಎನ್ವರ್ ಹೋಜಾ ಕಡೆಯವರು ಇನ್ನೊಂದು ಕಡೆ.

ಈ ಬಣಕ್ಕೆ ಉತ್ತರಿಸಲು ಕಷ್ಟವಾದ ಒಂದು ಸಂಗತಿಯಿದೆ. ಬ್ರಿಟಿಷ್ ಪಕ್ಷ ಸಂಸದೀಯ ದಾರಿಯನ್ನು ತನ್ನ ಕಾರ್ಯಕ್ರಮದಲ್ಲಿ ಬರೆದುಕೊಂಡದ್ದು 1951ರಲ್ಲಿ. ಪಾಲಿಟ್ ಅದನ್ನು ಸ್ಟಾಲಿನ್ ಜೊತೆ ಚರ್ಚಿಸಿದ್ದರು, ಸ್ಟಾಲಿನ್ ಒಪ್ಪಿದ್ದರು. ಬ್ರಿಟನ್ನಿನ ಮಟ್ಟಿಗೆ ಆ ದಾರಿಯ ಆರಂಭವನ್ನು ಕ್ರುಶ್ಚೇವ್ ತಲೆಗೆ ಕಟ್ಟಲು ಬರುವುದಿಲ್ಲ.

ಹೆಸರುಗಳಲ್ಲಿ ದಾರಿ ತಪ್ಪುವುದು ಸುಲಭ. 1920ರಲ್ಲಿ ಹುಟ್ಟಿದ ‘ಗ್ರೇಟ್ ಬ್ರಿಟನ್’ ಕಮ್ಯುನಿಸ್ಟ್ ಪಕ್ಷ 1991ರಲ್ಲಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ‘ಬ್ರಿಟನ್’ ಕಮ್ಯುನಿಸ್ಟ್ ಪಕ್ಷ 1988ರಲ್ಲಿ ಮಾರ್ನಿಂಗ್ ಸ್ಟಾರ್ ಪತ್ರಿಕೆಯ ಬೆಂಬಲಿಗರು ಮತ್ತೆ ಕಟ್ಟಿದ್ದು. ಅದಕ್ಕೂ ಮೊದಲು, 1977ರಲ್ಲಿ, ಕಾರ್ಯಕ್ರಮ ಇನ್ನೂ ಮೆತ್ತಗಾಯಿತೆಂದು ಸಿಡ್ ಫ್ರೆಂಚ್ ‘ನ್ಯೂ ಕಮ್ಯುನಿಸ್ಟ್’ ಪಕ್ಷ ಮಾಡಿಕೊಂಡರು. ‘ಗ್ರೇಟ್ ಬ್ರಿಟನ್ ಎಂ-ಎಲ್’ ಹುಟ್ಟಿದ್ದು 2004ರಲ್ಲಿ, ಹರ್ಪಾಲ್ ಬ್ರಾರ್ ನಾಯಕತ್ವದಲ್ಲಿ. ‘ರೆವಲ್ಯೂಷನರಿ ಕಮ್ಯುನಿಸ್ಟ್ ಪಾರ್ಟಿ’ ಎಂಬ ಹೆಸರನ್ನು ಮೂರು ಬೇರೆ ಕಾಲಗಳಲ್ಲಿ, 1944ರಲ್ಲಿ, ಎಂಬತ್ತರ ದಶಕದಲ್ಲಿ ಮತ್ತು 2024ರಲ್ಲಿ, ಬೇರೆಬೇರೆ ಸಂಘಟನೆಗಳು ಇಟ್ಟುಕೊಂಡಿವೆ. ಹಳೆಯ ಕರಪತ್ರ ಕೊಳ್ಳುವವರು ಹೆಸರಿನ ಜೊತೆ ಇಸವಿಯನ್ನೂ ನೋಡಬೇಕು.

ಕಿಂಗ್ಸ್ ಕ್ರಾಸ್‌ನಿಂದ ಒಂದೇ ನಿಲ್ದಾಣ ಮುಂದಕ್ಕೆ ಫ್ಯಾರಿಂಗ್ಡನ್. ಐದು ನಿಮಿಷ ನಡೆದರೆ ಕ್ಲರ್ಕೆನ್‌ವೆಲ್ ಗ್ರೀನ್, ಮನೆ ಸಂಖ್ಯೆ 37ಎ, ಮಾರ್ಕ್ಸ್ ಸ್ಮಾರಕ ಗ್ರಂಥಾಲಯ. ಒಳಗೆ ನೋಡಲು ಮುಂಚೆ ವಿಚಾರಿಸಿಕೊಂಡೇ ಹೋಗಬೇಕು, ಸದಾ ತೆರೆದಿರುವುದಿಲ್ಲ. 1738ರಲ್ಲಿ ವೆಲ್ಷ್ ಮಕ್ಕಳ ದತ್ತಿ ಶಾಲೆಯಾಗಿ ಕಟ್ಟಿದ ಮನೆ ಇದು, ಗ್ರಂಥಾಲಯವಾದದ್ದು 1933ರಲ್ಲಿ. 1902-03ರಲ್ಲಿ ಇಲ್ಲಿ ಹ್ಯಾರಿ ಕ್ವೆಲ್ಚ್ ನಡೆಸುತ್ತಿದ್ದ ಮುದ್ರಣಾಲಯವಿತ್ತು. ಲೆನಿನ್ ಸಂಪಾದಿಸುತ್ತಿದ್ದ ‘ಇಸ್ಕ್ರಾ’ದ ಹದಿನೇಳು ಸಂಚಿಕೆ ಇಲ್ಲಿ ಅಚ್ಚಾದವು. ರಷ್ಯನ್ನರಿಗೆ ಜಾಗ ಮಾಡಿಕೊಡಲು ಕ್ವೆಲ್ಚ್ ತೆಳು ಹಲಗೆ ಅಡ್ಡ ನಿಲ್ಲಿಸಿದ ಮೂಲೆಗೆ ಸರಿದರು. ಪುಟ್ಟ ಮೇಜು, ಮೇಲೊಂದು ಪುಸ್ತಕದ ಕಪಾಟು, ಒಂದು ಕುರ್ಚಿ, ಇನ್ನೊಂದು ಕುರ್ಚಿಗೆ ಜಾಗವಿರಲಿಲ್ಲ ಎಂದು ಲೆನಿನ್ ನಂತರ ನೆನೆದಿದ್ದಾರೆ. ಕ್ವೆಲ್ಚ್ ಬೇರೆ ದೇಶದ, ಬೇರೆ ಪಕ್ಷದ ಮನುಷ್ಯ. ಈ ಔದಾರ್ಯ ಆಮೇಲಿನ ಎಡಪಕ್ಷಗಳಲ್ಲಿ ಅಪರೂಪವಾಯಿತೆಂಬುದು ನೋವಿನ ಸಂಗತಿ.

1903ರಲ್ಲಿ ರಷ್ಯನ್ ಪಕ್ಷದ ಎರಡನೇ ಮಹಾಧಿವೇಶನ ಬ್ರಸೆಲ್ಸ್‌ನಲ್ಲಿ ಶುರುವಾಗಿ, ಪೊಲೀಸರ ಕಾಟಕ್ಕೆ ಲಂಡನ್ನಿಗೆ ಬಂತು. ಜಗಳ ನಿಯಮಾವಳಿಯ ಮೊದಲ ಕಲಮಿನ ಮೇಲೆ. ಪಕ್ಷದ ಒಂದು ಘಟಕದಲ್ಲಿ ಖುದ್ದಾಗಿ ಕೆಲಸ ಮಾಡುವವನೇ ಸದಸ್ಯ ಎಂದರು ಲೆನಿನ್. ಘಟಕದ ಮಾರ್ಗದರ್ಶನದಲ್ಲಿ ನಿಯಮಿತವಾಗಿ ನೆರವಾದರೂ ಸಾಕು ಎಂದರು ಅವರ ಜೊತೆ ‘ಇಸ್ಕ್ರಾ’ ಸಂಪಾದಿಸುತ್ತಿದ್ದ ಮಾರ್ತೋವ್. 28ಕ್ಕೆ 22 ಮತಗಳಿಂದ ಗೆದ್ದದ್ದು ಮಾರ್ತೋವ್. ಮುಂದೆ ಕೆಲವು ಪ್ರತಿನಿಧಿಗಳು ಎದ್ದು ಹೋದದ್ದರಿಂದ, ಪತ್ರಿಕೆಯ ಸಂಪಾದಕ ಮಂಡಳಿಯ ಚುನಾವಣೆಯಲ್ಲಿ ಲೆನಿನ್ ಕಡೆಗೆ ಬಹುಮತ ಬಂತು, ಬೊಲ್ಷೆವಿಕ್, ಅಂದರೆ ಬಹುಮತದವರು, ಎಂಬ ಹೆಸರು ಬಿತ್ತು. ಮುಂದೆ 1917ರ ಕ್ರಾಂತಿಯಲ್ಲಿ ಲೆನಿನ್ ಜೊತೆಗಿದ್ದು, ಆಮೇಲೆ ಸ್ಟಾಲಿನ್ ಎದುರಾಳಿಯಾದ ಟ್ರಾಟ್‌ಸ್ಕಿ ಆಗ ಇದ್ದದ್ದು ಮಾರ್ತೋವ್ ಪಕ್ಕದಲ್ಲಿ. ಸ್ಟಾಲಿನ್‌ವಾದಿಗಳು ಟ್ರಾಟ್‌ಸ್ಕಿ ವಿರುದ್ಧ ಕೊನೆತನಕ ಬಳಸಿದ ಅಸ್ತ್ರ ಇದು.

ಟ್ರಾಟ್‌ಸ್ಕಿವಾದಿಗಳ ಇಸವಿ 1924. ಒಂದೇ ದೇಶದಲ್ಲಿ ಸಮಾಜವಾದ ಕಟ್ಟಬಹುದೆಂದು ಸ್ಟಾಲಿನ್ ಆ ವರ್ಷದ ಕೊನೆಗೆ ಹೇಳಿದರು. ಟ್ರಾಟ್‌ಸ್ಕಿ ಅವರ ನಿರಂತರ ಕ್ರಾಂತಿಯ ವಾದ ಅದಕ್ಕೆ ಎದುರು: ಹಿಂದುಳಿದ ದೇಶದಲ್ಲಿ ಬಂಡವಾಳಶಾಹಿ ವರ್ಗ ತನ್ನದೇ ಪ್ರಜಾಸತ್ತಾತ್ಮಕ ಕ್ರಾಂತಿಯನ್ನೂ ಪೂರೈಸುವುದಿಲ್ಲ, ಕಾರ್ಮಿಕರೇ ಅದನ್ನು ಕೈಗೆತ್ತಿಕೊಂಡು ಸಮಾಜವಾದಕ್ಕೆ ಒಯ್ಯಬೇಕು, ಆದರೆ ಬೇರೆ ದೇಶಗಳ ಕ್ರಾಂತಿಯಿಲ್ಲದೆ ಅದು ಉಳಿಯದು. ಹೀಗಾಗಿ ಮೊದಲು ‘ಪ್ರಗತಿಪರ’ ಬಂಡವಾಳಗಾರರೊಡನೆ ಮೈತ್ರಿ, ಆಮೇಲೆ ಸಮಾಜವಾದ ಎಂಬ ಎರಡು ಹಂತದ ಲೆಕ್ಕವನ್ನು ಅವರು ಒಪ್ಪುವುದಿಲ್ಲ. ಸೋವಿಯತ್ ಒಕ್ಕೂಟ ಅವನತಿ ಹೊಂದಿದ ಕಾರ್ಮಿಕ ಪ್ರಭುತ್ವ, ಆಸ್ತಿ ಸಂಬಂಧ ಉಳಿದಿದೆ, ಅಧಿಕಾರಶಾಹಿಯನ್ನು ಮಾತ್ರ ಕಿತ್ತೊಗೆಯಬೇಕು ಎಂಬುದು ಟ್ರಾಟ್‌ಸ್ಕಿ ನಿಲುವು. 1938ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಬಳಿಯ ಪೆರಿನ್ಯಿಯಲ್ಲಿ ಈ ಬಣದ ಅಂತರರಾಷ್ಟ್ರೀಯ ಸಂಘಟನೆಯಾದ ನಾಲ್ಕನೇ ಇಂಟರ್‌ನ್ಯಾಷನಲ್ ಹುಟ್ಟಿತು. ಎರಡು ವರ್ಷದೊಳಗೆ ಟ್ರಾಟ್‌ಸ್ಕಿ ಕೊಲೆಯಾದರು.

ಅವರು ಬಿಟ್ಟುಹೋದ ಸೂತ್ರಕ್ಕೆ ಮಹಾಯುದ್ಧದ ನಂತರ ಪೆಟ್ಟು ಬಿತ್ತು. ಪೂರ್ವ ಯುರೋಪಿನಲ್ಲಿ ಕಾರ್ಮಿಕರ ಕ್ರಾಂತಿಯಿಲ್ಲದೆ, ಕೆಂಪು ಸೇನೆಯ ಬಲದಿಂದಲೇ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡವು. ರಾಷ್ಟ್ರೀಕರಣವೇ ಕಾರ್ಮಿಕ ಪ್ರಭುತ್ವದ ಗುರುತಾದರೆ ಕಾರ್ಮಿಕರು ಯಾಕೆ ಬೇಕು? ಟ್ರಾಟ್‌ಸ್ಕಿವಾದಿಗಳ ಮುಂದಿನ ಹಲವು ಒಡಕುಗಳು ಈ ಪ್ರಶ್ನೆಯಿಂದಲೇ ಹುಟ್ಟಿದವು. ಮುಂದೆ ಸೋಷಲಿಸ್ಟ್ ವರ್ಕರ್ಸ್ ಪಾರ್ಟಿ ಕಟ್ಟಿದ ಟೋನಿ ಕ್ಲಿಫ್ ಕೊಟ್ಟ ಉತ್ತರ, ರಷ್ಯಾ 1928ರ ಪಂಚವಾರ್ಷಿಕ ಯೋಜನೆಯಿಂದಲೇ ಪ್ರಭುತ್ವ ಬಂಡವಾಳಶಾಹಿಯಾಯಿತು, ಅಂದರೆ ಪ್ರಭುತ್ವವೇ ಬಂಡವಾಳಗಾರನಾಯಿತು ಎಂದು. 1950ರಲ್ಲಿ ಕೊರಿಯಾ ಯುದ್ಧದಲ್ಲಿ ಎರಡೂ ಕಡೆಗೆ ಬೆಂಬಲ ನಿರಾಕರಿಸಿ ಅವರ ಸಂಗಡಿಗರು ಬೇರೆಯಾದರು. ಮಿಕ್ಕವರು ಹಳೆಯ ಸೂತ್ರವನ್ನು ಹಿಗ್ಗಿಸಿ ‘ವಿರೂಪಗೊಂಡ ಕಾರ್ಮಿಕ ಪ್ರಭುತ್ವ’ ಎಂದರು. ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಕ್ಲಿಫ್ ಎಂದೇ ನಮ್ಮ ಅಭಿಪ್ರಾಯ, ಸ್ಪರ್ಧೆಯ ಮಾರುಕಟ್ಟೆಯಿಲ್ಲದ ಕಡೆ ಬಂಡವಾಳಶಾಹಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಅವರ ವಿವರಣೆ ಪೂರ್ತಿ ಸಾಲದಿದ್ದರೂ.

ಫ್ಯಾರಿಂಗ್ಡನ್‌ನಿಂದ ಎಲಿಜಬೆತ್ ಲೈನಿನಲ್ಲಿ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಮುಂದಿನ ನಿಲ್ದಾಣ. ಬ್ಲೂಮ್ಸ್‌ಬರಿ ಸ್ಟ್ರೀಟಿನಲ್ಲಿ ಕ್ಲಿಫ್ ಪರಂಪರೆಯವರ ಬುಕ್‌ಮಾರ್ಕ್ಸ್ ಅಂಗಡಿಯಿದೆ. ಕ್ಲಿಫ್ ಇದ್ದ ಅದೇ 1944ರ ರೆವಲ್ಯೂಷನರಿ ಕಮ್ಯುನಿಸ್ಟ್ ಪಾರ್ಟಿಯಿಂದ ಹೊರಟ ಇನ್ನೆರಡು ಕವಲುಗಳಲ್ಲಿ ಟೆಡ್ ಗ್ರಾಂಟ್ ಅವರದು ಲೇಬರ್ ಪಕ್ಷದೊಳಗೇ ಇದ್ದು ಕೆಲಸ ಮಾಡುವ ದಾರಿ. ‘ಮಿಲಿಟೆಂಟ್’ ಎಂಬ ಹೆಸರಿನಲ್ಲಿ ಅದು ಲಿವರ್‌ಪೂಲ್ ನಗರಸಭೆಯವರೆಗೆ ಬೆಳೆಯಿತು. ಉಚ್ಚಾಟನೆಗಳ ನಂತರ, ಲೇಬರ್ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಗೆ 1991-92ರಲ್ಲಿ ಒಡೆಯಿತು. ಬಿಟ್ಟವರು ಇಂದಿನ ಸೋಷಲಿಸ್ಟ್ ಪಾರ್ಟಿ. ಉಳಿದ ಗ್ರಾಂಟ್ ಬಣದ ಮುಂದುವರಿಕೆಯೇ 2024ರ ರೆವಲ್ಯೂಷನರಿ ಕಮ್ಯುನಿಸ್ಟ್ ಪಾರ್ಟಿ.

ಮೂರನೆಯ ಕವಲು ಗೆರಿ ಹೀಲಿ ಅವರದು. 1985ರಲ್ಲಿ ಆ ಪಕ್ಷ ಚೂರಾದದ್ದು ಸಿದ್ಧಾಂತದ ಜಗಳದಿಂದ ಶುರುವಾಗಿ ಅಲ್ಲ. ಮಹಿಳಾ ಸದಸ್ಯರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಹೀಲಿ ಉಚ್ಚಾಟಿತರಾದರು. 2013ರಲ್ಲಿ ಸೋಷಲಿಸ್ಟ್ ವರ್ಕರ್ಸ್ ಪಾರ್ಟಿ ಕೂಡ ಇಂಥದೇ ದೂರನ್ನು ತನ್ನದೇ ಸಮಿತಿಯಲ್ಲಿ ವಿಚಾರಿಸಿದ ರೀತಿಯಿಂದ ನೂರಾರು ಸದಸ್ಯರನ್ನು ಕಳೆದುಕೊಂಡಿತು. ನಿರ್ಧಾರವಾದ ಮೇಲೆ ಎಲ್ಲರೂ ಒಂದೇ ದನಿಯಲ್ಲಿ ಮಾತಾಡಬೇಕು, ಅಧಿವೇಶನದ ಹೊತ್ತು ಬಿಟ್ಟು ಬೇರೆ ಸಮಯದಲ್ಲಿ ಬಣ ಕಟ್ಟುವಂತಿಲ್ಲ ಎಂಬ ನಿಯಮವಿರುವ ಕಡೆ ಅಲ್ಪಮತಕ್ಕೆ ಉಳಿಯುವ ಬಾಗಿಲು ಹೊರಬಾಗಿಲೊಂದೇ. ಸಿದ್ಧಾಂತದ ಭಿನ್ನತೆ ಚರ್ಚೆಯಾಗಿ ಉಳಿಯದೆ ಹೊಸ ಪಕ್ಷವಾಗುವುದು ಇಲ್ಲಿಂದ.

ಬೇಸಿಗೆಯಲ್ಲಿ ಹೋಗುವವರು ಜುಲೈ ಮೊದಲ ದಿನಗಳನ್ನು ಆರಿಸಿಕೊಳ್ಳಿ. ಸೋಷಲಿಸ್ಟ್ ವರ್ಕರ್ಸ್ ಪಾರ್ಟಿ ಪ್ರತಿವರ್ಷ ಆ ಹೊತ್ತಿಗೆ ‘ಮಾರ್ಕ್ಸಿಸಮ್’ ಎಂಬ ಚರ್ಚಾಕೂಟ ನಡೆಸುತ್ತದೆ. ಭಾಷಣದ ನಂತರ ಚೀಟಿ ಬರೆದುಕೊಟ್ಟರೆ ಸಭಿಕರಿಗೂ ಮಾತಿಗೆ ಕೆಲವು ನಿಮಿಷ ಸಿಗುತ್ತದೆ. ಹೊರಗೆ ಎದುರಾಳಿ ಬಣದವರು ಕರಪತ್ರ ಹಂಚುತ್ತಿರುತ್ತಾರೆ. ಅವರನ್ನು ದಾಟಿ ಹೋಗದೆ ಎರಡು ಪ್ರಶ್ನೆ ಕೇಳಿ: ರಷ್ಯಾದಲ್ಲಿ ಕೆಟ್ಟದ್ದು ಯಾವ ವರ್ಷ, ಮತ್ತು ನಿಮ್ಮ ಪಕ್ಷದಲ್ಲಿ ಅಲ್ಪಮತದವರ ಬರಹ ಎಲ್ಲಿ ಅಚ್ಚಾಗುತ್ತದೆ? ಮೊದಲನೆಯದಕ್ಕೆ ಎಲ್ಲರ ಬಳಿಯೂ ಸಿದ್ಧ ಉತ್ತರವಿರುತ್ತದೆ. ಎರಡನೆಯದಕ್ಕೆ ಸಮಯ ಕೊಟ್ಟು ಕೇಳಿಸಿಕೊಳ್ಳಬೇಕು.