ಪೇಟೆಂಟ್ ತಾರೀಖು ರೀಲಿನ ಜನ್ಮದಿನವಲ್ಲ

ಗಾಳದ ದಾರ ಸುತ್ತುವ ಹಳೆಯ ರೀಲು ಸಿಕ್ಕವರು ಅದರ ಹೊಳೆಯುವ ಮುಖದ ಚಿತ್ರ ಕಳುಹಿಸಿ, 'ಇದು ಯಾವ ಕಾಲದ್ದು?' ಎಂದು ಕೇಳುತ್ತಾರೆ. ನಾನು ಮರಳಿ ಕೇಳುವುದು ಅದರ ಪಾದದ ತಳಭಾಗದ ಚಿತ್ರವನ್ನು. ರೀಲನ್ನು ಗಾಳದ ಕೋಲಿಗೆ ಕೂರಿಸಲು ಇರುವ ಉದ್ದನೆಯ ಲೋಹದ ಪಟ್ಟಿಗೆ ಪಾದ ಎನ್ನುತ್ತೇವೆ. ಅನೇಕ ತಯಾರಕರು ಅಂಕಿ, ಅಕ್ಷರಗಳನ್ನು ಅಚ್ಚೊತ್ತಿರುವುದು ಅಲ್ಲಿ. ಕೋಲಿಗೆ ಅಂಟಿಕೊಂಡೇ ಇರುವುದರಿಂದ ಅವು ಬೇಗ ಸವೆಯುವುದೂ ಇಲ್ಲ. ಹಿಂದಿನ ಮಾಲೀಕ ಬೇರೊಂದು ಕೋಲಿಗೆ ಹೊಂದಿಸಲು ಪಾದದ ತುದಿಗಳನ್ನು ಅರದಿಂದ ಉಜ್ಜಿದ್ದಾನೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಉಜ್ಜಿದ ಪಾದದ ರೀಲಿಗೆ ಸಂಗ್ರಾಹಕರು ಕೊಡುವ ಬೆಲೆ ಕುಸಿಯುತ್ತದೆ, ಅದನ್ನು ಸರಿಪಡಿಸುವ ದಾರಿ ಇಲ್ಲ.

ರೀಲಿನ ಮೇಲೆ ಒಂದು ತಾರೀಖು ಕಂಡರೆ ಬಹಳ ಮಂದಿ ಅಲ್ಲಿಗೇ ಹುಡುಕಾಟ ನಿಲ್ಲಿಸುತ್ತಾರೆ. ಅಮೆರಿಕದ ಚಾರ್ಲ್ಸ್ ಆರ್ವಿಸ್ ಮಾಡಿದ, ತೂತುಗಳುಳ್ಳ ತೆಳುವಾದ ಫ್ಲೈ ರೀಲಿನ (ನೊಣದಂಥ ಹಗುರ ಗಾಳಕ್ಕೆ ಬಳಸುವ ರೀಲು) ಮೇಲೆ 1874ರ ಮೇ 12 ಎಂದಿರುತ್ತದೆ. ಅದು ಪೇಟೆಂಟ್ ಸಿಕ್ಕ ದಿನ. ಅದೇ ವಿನ್ಯಾಸದ ರೀಲುಗಳು ಅದೇ ತಾರೀಖನ್ನು ಹೊತ್ತು ಮುಂದೆ ವರ್ಷಗಟ್ಟಲೆ ತಯಾರಾದವು. ಪೇಟೆಂಟ್ ಗುರುತು ಹೇಳುವುದು ಇಷ್ಟೇ: ಈ ರೀಲು ಅದಕ್ಕಿಂತ ಹಿಂದಿನದಲ್ಲ. ತಾರೀಖಿನ ಬದಲು ಅಮೆರಿಕದ ಪೇಟೆಂಟ್ ಸಂಖ್ಯೆ ಇದ್ದರೂ ಲೆಕ್ಕ ಹೀಗೆಯೇ. 1920ರ ಮೊದಲ ಪೇಟೆಂಟಿನ ಸಂಖ್ಯೆ 1326899, 1930ರದ್ದು 1742181. ಈ ಎರಡರ ನಡುವಿನ ಸಂಖ್ಯೆ ಸಿಕ್ಕರೆ ಆರಂಭದ ಗಡಿ ಸಿಕ್ಕಿತು, ಅಂತ್ಯದ ಗಡಿಯನ್ನು ಬೇರೆ ಕಡೆ ಹುಡುಕಬೇಕು. ಬಿಡಿಭಾಗ ಬದಲಾಗಿಲ್ಲವೆಂದು ಖಾತ್ರಿಯಾದರೆ ರೀಲಿನ ಅತ್ಯಂತ ಹೊಸ ಲಕ್ಷಣವೇ ಅದರ ಕಾಲವನ್ನು ತೀರ್ಮಾನಿಸುತ್ತದೆ. ನಾನು ನೆಚ್ಚಿಕೊಂಡಿರುವ ನಿಯಮ ಇದೊಂದೇ.

ಕೆಲವು ಕಂಪನಿಗಳು ನಮ್ಮ ಕೆಲಸವನ್ನು ಹಗುರ ಮಾಡಿವೆ. ಸ್ವೀಡನ್ನಿನ ಸ್ವಾಂಗ್‌ಸ್ಟಾದಲ್ಲಿ ತಯಾರಾದ ಅಬು ಆಂಬಾಸಡರ್ ರೀಲುಗಳಲ್ಲಿ 1970ರ ದಶಕದ ಮಧ್ಯಭಾಗದಿಂದ ಪಾದದ ಮೇಲೆ ಆರು ಅಂಕಿಗಳು ಬರುತ್ತವೆ. ಮೊದಲ ಎರಡು ವರ್ಷ, ನಂತರದ ಎರಡು ತಿಂಗಳು. 780300 ಎಂದಿದ್ದರೆ 1978ರ ಮಾರ್ಚ್. ಅಮೆರಿಕದ ಕಲಮಜೂ ಊರಿನ ಶೇಕ್ಸ್‌ಪಿಯರ್ ಕಂಪನಿಯದು ಇನ್ನೂ ಸೊಗಸಾದ ಲೆಕ್ಕ. ಮಾದರಿಯ ಹೆಸರಿನ ಜೊತೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಕೆ ಎಂದರೆ 1, ಜೆ ಎಂದರೆ 2, ಐ ಬಿಟ್ಟು ಎಚ್ ಎಂದರೆ 3, ಹೀಗೆ ಹಿಂದಕ್ಕೆ ಎಣಿಸುತ್ತ ಹೋದರೆ ಬಿ ಎಂದರೆ 9, ಎ ಎಂದರೆ ಸೊನ್ನೆ. 'ಜಿಇ' ಇದ್ದರೆ 46, ಅಂದರೆ 1946. ಅದನ್ನು ಆ ಮಾದರಿಯ ವಿನ್ಯಾಸದ ವರ್ಷವೆಂದು ಓದಿಕೊಳ್ಳಬೇಕು. ನಿಮ್ಮ ಕೈಯಲ್ಲಿರುವ ರೀಲು ಕಾರ್ಖಾನೆಯಿಂದ ಹೊರಬಿದ್ದ ವರ್ಷವೆಂದಲ್ಲ.

ಸಂಖ್ಯೆ, ಅಕ್ಷರ ಏನೂ ಇಲ್ಲದ ರೀಲು ಕೈಗೆ ಬಂದಾಗ ಲೋಹವನ್ನೇ ಮಾತನಾಡಿಸಬೇಕು. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ. ನಿಕ್ಕಲ್ ಲೇಪಿಸಿದ ಹಿತ್ತಾಳೆ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ. ಆದರೆ ಬೆರಳು ತಾಗುವ ಅಂಚುಗಳಲ್ಲಿ ಲೇಪ ಸವೆದು ಹಳದಿ ಇಣುಕುತ್ತದೆ. ಪಕ್ಕದ ಕಪ್ಪು ಫಲಕಗಳು ಎಬೊನೈಟ್, ಅಂದರೆ ಗಟ್ಟಿ ರಬ್ಬರ್ ಆಗಿದ್ದರೆ ಬಿಸಿಲಿಗೆ ಕಂದು ತಿರುಗಿರುತ್ತವೆ, ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಬೇಕಲೈಟ್ ಎಂಬ ಆರಂಭದ ಪ್ಲಾಸ್ಟಿಕ್ ಲೋಕಕ್ಕೆ ತಿಳಿದದ್ದೇ 1909ರಲ್ಲಿ. ಆದ್ದರಿಂದ ಬೇಕಲೈಟ್ ಫಲಕದ ರೀಲನ್ನು ಹತ್ತೊಂಬತ್ತನೆಯ ಶತಮಾನದ್ದು ಎನ್ನುವವರ ಮಾತು ನಂಬಬೇಡಿ. ಸುತ್ತಿರುವ ದಾರವನ್ನಂತೂ ಸಾಕ್ಷಿಯೆಂದು ಎಣಿಸಲೇಬಾರದು.

ತಯಾರಾದ ದೇಶದ ಹೆಸರೂ ಉಪಯೋಗಕ್ಕೆ ಬರುತ್ತದೆ. ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರಿರಬೇಕು ಎಂಬ ಕಾನೂನು 1891ರಲ್ಲಿ ಜಾರಿಗೆ ಬಂದಿತು. 'ಆಕ್ಯುಪೈಡ್ ಜಪಾನ್' (ಆಕ್ರಮಿತ ಜಪಾನ್) ಎಂದಿದ್ದರೆ ಯುದ್ಧಾನಂತರ 1952ರವರೆಗಿನ ಕಿರುಗಾಲದ್ದು. ಪೆಟ್ಟಿಗೆಯೋ ಕಾಗದವೋ ಜೊತೆಗಿದ್ದು ವಿಳಾಸದಲ್ಲಿ ಅಮೆರಿಕದ ಅಂಚೆ ಸಂಖ್ಯೆಯಾದ ಜಿಪ್ ಕೋಡ್ ಕಂಡರೆ, ಆ ಕಾಗದ 1963ಕ್ಕಿಂತ ಹಿಂದಿನದಲ್ಲ.

ಇನ್ನು ಹಾರ್ಡಿ ಪರ್ಫೆಕ್ಟ್. ಇಂಗ್ಲೆಂಡಿನ ಆಲ್ನಿಕ್‌ನಲ್ಲಿ 1872ರಲ್ಲಿ ಶುರುವಾದ ಹಾರ್ಡಿ ಸಹೋದರರ ಈ ರೀಲಿಗೆ 1888ರಲ್ಲಿ ಪೇಟೆಂಟ್ ದೊರೆಯಿತು. ಬಾಲ್ ಬೇರಿಂಗಿನ ಮೇಲೆ ತಿರುಗುವ ಈ ವಿನ್ಯಾಸ ತಲೆಮಾರುಗಳ ಕಾಲ ಬದುಕಿದ್ದರಿಂದ ಹೊರಗಿನಿಂದ ಮಾತ್ರ ನೋಡಿದರೆ ಏನೂ ಸ್ಪಷ್ಟವಾಗುವುದಿಲ್ಲ. ಒಳಗೆ ಕಟಕಟ ಸದ್ದು ಮಾಡುತ್ತ ದಾರದ ಓಟವನ್ನು ತಡೆಯುವ ಚೆಕ್ ವ್ಯವಸ್ಥೆ ಬದಲಾಗುತ್ತ ಬಂದಿದೆ, ಸಂಗ್ರಾಹಕರು ಕಾಲ ಗುರುತಿಸುವುದು ಅದರಿಂದ. '1912ರ ಚೆಕ್' ಎಂಬುದು ಒಂದು ಮಾದರಿ, 'ಡುಪ್ಲಿಕೇಟೆಡ್ ಮಾರ್ಕ್ 2' ಎಂಬುದು ಅದಕ್ಕಿಂತ ಈಚಿನದು. ಒಳಮೈಯಲ್ಲಿ ಕೆಲವೊಮ್ಮೆ ರೀಲು ಜೋಡಿಸಿದ ಕೆಲಸಗಾರನ ಹೆಸರಿನ ಮೊದಲಕ್ಷರಗಳೂ ಇರುತ್ತವೆ. ಅವನ್ನು ಭೂತಗನ್ನಡಿಯಲ್ಲಿ ಓದುವಾಗ ನನಗೆ ಆಗುವ ಸಂತೋಷ ಬೆಲೆಗೆ ಸಂಬಂಧಿಸಿದ್ದಲ್ಲ.

ಅದಕ್ಕಿಂತಲೂ ನನ್ನ ಮನಸ್ಸು ಸೆಳೆದದ್ದು ಅಮೆರಿಕದ ಕೆಂಟಕಿ ರಾಜ್ಯದ ರೀಲುಗಳು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಪ್ಯಾರಿಸ್ ಎಂಬ ಊರಿನ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ ಹಲ್ಲುಚಕ್ರ ಕೂಡಿಸಿ, ಹಿಡಿಕೆ ಒಮ್ಮೆ ತಿರುಗಿದರೆ ದಾರ ಸುತ್ತಿದ ಉರುಳೆ (ಸ್ಪೂಲ್) ಹಲವು ಸುತ್ತು ತಿರುಗುವ ರೀಲು ಮಾಡಿದ. ಆಮೇಲೆ ಕೆಂಟಕಿಯದೇ ಫ್ರಾಂಕ್‌ಫರ್ಟ್ ಊರಿನಲ್ಲಿ ಮೀಕ್ ಸಹೋದರರು, ಮೈಲಮ್ ಮುಂತಾದವರು ಗಡಿಯಾರಕ್ಕೆ ಬೇಕಾಗುವ ಅದೇ ನಿಖರತೆಯಲ್ಲಿ ಆ ಕೆಲಸ ಮುಂದುವರಿಸಿದರು. ಪ್ರತಿ ಸ್ಕ್ರೂವನ್ನೂ ಅದರದೇ ತೂತಿಗೆ ತಕ್ಕಂತೆ ಕೈಯಿಂದ ಕತ್ತರಿಸಿದ್ದರಿಂದ ಸ್ಕ್ರೂವಿಗೂ ತೂತಿಗೂ ಒಂದೇ ಸಂಖ್ಯೆ ಹಾಕುತ್ತಿದ್ದರು. ಇಂಥ ರೀಲು ಬಿಚ್ಚುವವರು ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಸುರಿಯಬಾರದು; ಕಾಗದದ ಮೇಲೆ ಫಲಕದ ಚಿತ್ರ ಬರೆದು, ತೂತು ಇದ್ದ ಜಾಗದಲ್ಲೇ ಸ್ಕ್ರೂ ಚುಚ್ಚಿಡಬೇಕು. ಸಂಖ್ಯೆಗಳು ಹೊಂದದಿದ್ದರೆ ಬೇರೆ ರೀಲಿನ ಭಾಗ ಬಂದು ಸೇರಿದೆ ಎಂದು ಶಂಕಿಸಬಹುದು. ಹೆಸರನ್ನು ಓದುವಾಗಲೂ ಎಚ್ಚರ ಬೇಕು. 'ಬಿ. ಎಫ್. ಮೀಕ್ ಅಂಡ್ ಸನ್ಸ್' ಎಂಬ ಹೆಸರನ್ನು 1916ರಲ್ಲಿ ಹಾರ್ಟನ್ ಕಂಪನಿ ಕೊಂಡಿತು. ಹೆಸರು ಉಳಿಯಿತು, ಕೆಲಸ ಕನೆಕ್ಟಿಕಟ್‌ನ ಬ್ರಿಸ್ಟಲ್‌ಗೆ ಹೋಯಿತು. ಬ್ರಿಸ್ಟಲ್ ಎಂಬ ಊರು ಕಂಡರೆ ಅದು ಮೀಕ್ ಮನೆತನದವರ ಕೈಕೆಲಸವಲ್ಲ.

ನನಗೆ ನಿಜಕ್ಕೂ ಸಿಟ್ಟು ತರಿಸುವುದು ಹೊಳಪು ಹಚ್ಚುವ ಹುಚ್ಚು. ಹಿತ್ತಾಳೆಗೆ ಶತಮಾನದಿಂದ ಕೂಡಿದ ಗಾಢ ಬಣ್ಣವನ್ನು ಉಕ್ಕಿನ ನಾರಿನಿಂದ (ಸ್ಟೀಲ್ ವೂಲ್) ಕೆರೆದು ಹಾಕಿದವರು ಕಾಲದ ಒಂದು ಸಾಕ್ಷಿಯನ್ನೇ ಅಳಿಸುತ್ತಾರೆ, ಅಚ್ಚಿನ ಅಕ್ಷರಗಳ ಅಂಚನ್ನೂ ಮಂಕಾಗಿಸುತ್ತಾರೆ. ಹಸಿರು ಕಿಲುಬು ಮಾತ್ರ ಲೋಹವನ್ನು ತಿನ್ನುತ್ತದೆ, ಅದನ್ನು ಎಣ್ಣೆ ಹಚ್ಚಿ ಮರದ ಕಡ್ಡಿಯಿಂದ ನಿಧಾನವಾಗಿ ತೆಗೆಯಬೇಕು. ತಲೆಯ ಸೀಳಿಗೆ ಸರಿಯಾಗಿ ಕೂರದ ಸ್ಕ್ರೂಡ್ರೈವರ್ ಬಳಸಿದರೆ ಮುಂದಿನ ಖರೀದಿದಾರನಿಗೆ ಅದು ಒಂದೇ ನೋಟದಲ್ಲಿ ಗೊತ್ತಾಗುತ್ತದೆ.

ಹಿಡಿಕೆ ಆನೆದಂತದ್ದು ಎನಿಸಿದರೆ ಮಾರುವ ಮೊದಲು ನಿಮ್ಮ ದೇಶದ ಕಾನೂನು ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ 2018ರಲ್ಲಿ ಆದ ದಂತದ ಕಾಯ್ದೆ 2022ರ ಜೂನ್‌ನಲ್ಲಿ ಜಾರಿಗೆ ಬಂದಿದೆ, ವಿನಾಯಿತಿಗಳು ಬಹಳ ಕಡಿಮೆ. ಸೆಲ್ಯುಲಾಯಿಡ್ ಎಂಬ ಹಳೆಯ ಪ್ಲಾಸ್ಟಿಕ್‌ನಿಂದ ಮಾಡಿದ ಅನುಕರಣೆಯೂ ದಂತದಂತೆಯೇ ಕಾಣುತ್ತದೆ. ಭೂತಗನ್ನಡಿಯಲ್ಲಿ ನಿಜವಾದ ದಂತದ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳು ಕಾಣುತ್ತವೆ, ಅನುಕರಣೆಯಲ್ಲಿ ಅವು ಇರುವುದಿಲ್ಲ.