ಮುಗಿದ ದಿನಕ್ಕೊಂದು ಪುಟ

ಮುಂದಿನ ವರ್ಷದ ದಿನಚರಿಗೆ ಪುಸ್ತಕ ಆರಿಸುವ ಕೆಲಸವನ್ನು ನಾನು ಪ್ರತಿ ಡಿಸೆಂಬರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನಾನು ಬಳಸುವುದು ಖಾಲಿ ನೋಟ್‌ಬುಕ್ಕನ್ನಲ್ಲ, ದಿನಾಂಕ ಅಚ್ಚಾಗಿರುವ ಪ್ಲಾನರನ್ನು. ಪ್ಲಾನರ್ ಎಂಬುದು ನಾಳೆ ಮಾಡಬೇಕಾದ್ದನ್ನು ಗುರುತು ಹಾಕಿಕೊಳ್ಳಲು ಹುಟ್ಟಿದ ಪುಸ್ತಕ. ನಾನು ಅದರಲ್ಲಿ ಬರೆಯುವುದು ಇಂದು ನಡೆದುಹೋದದ್ದನ್ನು. ತಯಾರಿಸಿದವರ ಮನಸ್ಸಿನಲ್ಲಿದ್ದ ಬಳಕೆ ಒಂದು, ನನ್ನ ಬಳಕೆ ಇನ್ನೊಂದು. ಆಯ್ಕೆಯ ತೊಡಕುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಶುರುವಾಗುತ್ತವೆ.

ಈ ಬೆರಕೆ ಹೊಸದೇನೂ ಅಲ್ಲ. ಲಂಡನ್ನಿನಲ್ಲಿ ಕಾಗದ, ಲೇಖನ ಸಾಮಗ್ರಿಗಳ ವ್ಯಾಪಾರಿಯಾಗಿದ್ದ ಜಾನ್ ಲೆಟ್ಸ್ 1812ರಲ್ಲಿ ದಿನಾಂಕ ಮುದ್ರಿಸಿದ ಡೈರಿಯನ್ನು ಮಾರಾಟಕ್ಕೆ ತಂದಾಗ, ಅವನ ಎದುರಿಗಿದ್ದವರು ಸರಕು ಮತ್ತು ಹಣದ ಲೆಕ್ಕ ಇಡಬೇಕಾಗಿದ್ದ ವರ್ತಕರು. ವರ್ತಕರ ಆ ಪುಸ್ತಕಕ್ಕೆ ಜನ ತಮ್ಮ ಮನಸ್ಸಿನ ಮಾತನ್ನೂ ತುಂಬಿಸತೊಡಗಿದರು. ಇಂದಿಗೂ ಅಂಗಡಿಯಲ್ಲಿ ‘ಡೈರಿ’ ಎಂದು ಕೇಳಿದರೆ ಅವರು ತೆಗೆದುಕೊಡುವುದರಲ್ಲಿ ವರ್ತಕನ ಅಂಶವೇ ಹೆಚ್ಚು: ಮೊದಲಲ್ಲಿ ಅಳತೆ-ತೂಕದ ಕೋಷ್ಟಕ, ಕೊನೆಯಲ್ಲಿ ಖರ್ಚಿನ ಪಟ್ಟಿ, ನಡುವೆ ಗಂಟೆಗೊಂದು ಗೆರೆ.

ಹಾಗಿದ್ದರೆ ದಿನಾಂಕವಿಲ್ಲದ ನೋಟ್‌ಬುಕ್ಕೇ ಸಾಲದೇ ಎಂದು ಕೇಳಬಹುದು. ಎರಡು ವರ್ಷ ಅದನ್ನೂ ಮಾಡಿ ನೋಡಿದೆ. ಖಾಲಿ ನೋಟ್‌ಬುಕ್ಕಿನಲ್ಲಿ ಬರೆಯದ ದಿನಗಳು ಕಾಣುವುದೇ ಇಲ್ಲ. ಮಾರ್ಚ್ 3ರ ಬರಹದ ಕೆಳಗೆ ಏಪ್ರಿಲ್ 19ರ ಬರಹ ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ. ಪ್ಲಾನರಿನಲ್ಲಾದರೆ ಆ ನಲವತ್ತಾರು ದಿನಗಳು ನಲವತ್ತಾರು ಬಿಳಿ ಪುಟಗಳಾಗಿ ಉಳಿಯುತ್ತವೆ. ಆ ಬಿಳುಪು ಚುಚ್ಚುತ್ತದೆ, ನಿಜ. ಆದರೆ ಹಳೆಯ ಪುಸ್ತಕಗಳನ್ನು ತಿರುವುವಾಗ, ಎಲ್ಲಿ ನನಗೆ ಬರೆಯಲಾಗಲಿಲ್ಲ ಎಂಬುದು ಬರೆದದ್ದರಷ್ಟೇ ಸ್ಪಷ್ಟವಾಗಿ ಆ ಕಾಲವನ್ನು ನೆನಪಿಗೆ ತರುತ್ತದೆ. ಇನ್ನೊಂದು ಲಾಭ ತೀರಾ ವ್ಯಾವಹಾರಿಕವಾದದ್ದು: ಯಾವುದೋ ದಿನ ಏನಾಯಿತೆಂದು ನೋಡಬೇಕಾದರೆ ನೇರವಾಗಿ ಆ ಪುಟಕ್ಕೆ ಹೋಗಬಹುದು.

ಪ್ಲಾನರೇ ಬೇಕೆಂದು ನಿಶ್ಚಯಿಸಿದ ಮೇಲೆ ಮೊದಲು ಇತ್ಯರ್ಥವಾಗಬೇಕಾದ್ದು, ದಿನಕ್ಕೆ ಎಷ್ಟು ಬರೆಯುತ್ತೇವೆ ಎಂಬುದು. ಈ ವಿಷಯದಲ್ಲಿ ಎಲ್ಲರೂ ತಮ್ಮ ಬಗ್ಗೆ ಉದಾರವಾಗಿಯೇ ಅಂದಾಜು ಮಾಡಿಕೊಳ್ಳುತ್ತಾರೆ. ನಾನೂ ದೊಡ್ಡ ಪುಟದ ಒಂದು ಭರ್ಜರಿ ಪುಸ್ತಕ ತಂದು, ಜನವರಿಯ ಮೊದಲ ವಾರ ಪುಟ ತುಂಬಿಸಿ, ಎರಡನೆಯ ವಾರ ಅರ್ಧಕ್ಕಿಳಿದು, ಫೆಬ್ರವರಿಯ ಹೊತ್ತಿಗೆ ಆ ಪುಟದ ಎದುರು ಕೂರುವುದಕ್ಕೇ ಹಿಂಜರಿದವನು. ಈಗ ಕೊಳ್ಳುವ ಮುನ್ನ ಹದಿನೈದು ದಿನ ಬಿಡಿ ಹಾಳೆಗಳ ಮೇಲೆ ಬರೆದು ಸಾಲುಗಳನ್ನು ಎಣಿಸುತ್ತೇನೆ. ನನ್ನ ಸಾಮಾನ್ಯ ದಿನಕ್ಕೆ ಹದಿನಾಲ್ಕರಿಂದ ಹದಿನೆಂಟು ಸಾಲು ಸಾಕು. ಇಪ್ಪತ್ತೈದು ದಾಟುವುದು ತಿಂಗಳಿಗೆ ಎರಡೋ ಮೂರೋ ಸಲ. ಪುಸ್ತಕವನ್ನು ಅಳೆಯಬೇಕಾದ್ದು ಆ ಸಾಮಾನ್ಯ ದಿನಕ್ಕೆ. ಉಕ್ಕಿ ಹರಿದ ದಿನದ ಬರಹವನ್ನು ಬೇರೆ ಹಾಳೆಯಲ್ಲಿ ಬರೆದು ಅಂಟಿಸಬಹುದು, ಇಲ್ಲವೇ ಹಿಂದೆಲ್ಲೋ ಖಾಲಿ ಉಳಿದ ಪುಟಕ್ಕೆ ಬಾಣದ ಗುರುತು ಹಾಕಿ ಮುಂದುವರಿಸಬಹುದು. ಇಡೀ ವಾರವನ್ನು ಎರಡು ಪುಟಗಳಿಗೆ ಇಳಿಸಿದ ಪ್ಲಾನರುಗಳು ದಿನಕ್ಕೆ ನಾಲ್ಕು ಸಾಲಿನವರಿಗೆ ಒಳ್ಳೆಯವು. ಅವುಗಳ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ.

ದಿನಕ್ಕೊಂದು ಪುಟವೆಂದು ಹೇಳಿಕೊಳ್ಳುವ ಪ್ಲಾನರುಗಳಲ್ಲೂ ಒಂದು ಮೋಸವಿದೆ. ಸೋಮವಾರದಿಂದ ಶುಕ್ರವಾರದವರೆಗೆ ಧಾರಾಳವಾಗಿ ಪೂರ್ತಿ ಪುಟ ಕೊಟ್ಟು, ಶನಿವಾರ ಮತ್ತು ಭಾನುವಾರಗಳನ್ನು ಒಂದೇ ಪುಟದಲ್ಲಿ ತುರುಕಿರುತ್ತಾರೆ. ಕಚೇರಿಯ ಕಣ್ಣಿಗೆ ಆ ಎರಡು ದಿನಗಳು ಅರ್ಧರ್ಧ ದಿನಗಳಿರಬಹುದು. ದಿನಚರಿ ಬರೆಯುವವನಿಗೆ ಮಾತ್ರ ವಾರದಲ್ಲಿ ಬರೆಯಲು ಏನಾದರೂ ನಡೆಯುವುದೇ ಆ ಎರಡು ದಿನ. ಆದ್ದರಿಂದ ಪ್ಲಾನರ್ ಕೈಗೆ ಬಂದ ತಕ್ಷಣ ನಾನು ತೆರೆದು ನೋಡುವುದು ಯಾವುದಾದರೊಂದು ಭಾನುವಾರವನ್ನು. ಅಲ್ಲಿ ಅರ್ಧ ಪುಟ ಕಂಡರೆ ಉಳಿದದ್ದನ್ನು ಪರೀಕ್ಷಿಸುವ ಅಗತ್ಯವೇ ಬೀಳುವುದಿಲ್ಲ.

ಪುಟದ ಅಂಚಿನಲ್ಲಿ ಬೆಳಗಿನ ಎಂಟರಿಂದ ಸಂಜೆಯ ಎಂಟರವರೆಗೆ ಗಂಟೆಗಳನ್ನು ಅಚ್ಚು ಹಾಕಿದ ಪ್ಲಾನರುಗಳನ್ನೂ ನಾನು ಬಿಟ್ಟುಬಿಡುತ್ತೇನೆ. ಅಲಕ್ಷಿಸಿ ಮೇಲೆಯೇ ಬರೆದರಾಯಿತು ಎಂದುಕೊಂಡು ಒಂದು ವರ್ಷ ಹಾಗೆಯೇ ಬಳಸಿದೆ. ವರ್ಷದ ಕೊನೆಗೆ ಓದಿದಾಗ ತಿಳಿದದ್ದೇನೆಂದರೆ, ಆ ಅಂಕಿಗಳು ನನ್ನ ಬರಹವನ್ನು ತಮ್ಮ ಸಾಲಿಗೆ ಎಳೆದುಕೊಂಡಿದ್ದವು. ಒಂಬತ್ತಕ್ಕೆ ಹೊರಟೆ, ಹನ್ನೊಂದಕ್ಕೆ ಸಭೆ, ನಾಲ್ಕಕ್ಕೆ ಮರಳಿದೆ ಎಂಬಂಥ ವರದಿಯೇ ಪುಟಪುಟದಲ್ಲೂ ತುಂಬಿತ್ತು. ರಾತ್ರಿ ಎಂಟರ ನಂತರದ ಬದುಕಿಗೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಕನ್ನಡದಲ್ಲಿ ಬರೆಯುವವರು ಗಮನಿಸಲೇಬೇಕಾದ್ದು ಗೆರೆಗಳ ನಡುವಿನ ಅಂತರ. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಐದು ಮಿಲಿಮೀಟರಿಗೊಂದು ಗೆರೆ ಹಾಕಿದ ಪುಟ ನೋಡಲು ಅಚ್ಚುಕಟ್ಟಾಗಿರುತ್ತದೆ. ಬರೆಯಲು ಕೂತಾಗ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದು, ಅಲ್ಲಿಯ ತಲೆಕಟ್ಟು ಮತ್ತು ಗುಡಿಸುಗಳಿಗೆ ಡಿಕ್ಕಿ ಹೊಡೆಯುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಎರಡು ಒತ್ತು ಬೇಕು. ನನ್ನ ಕೈಬರಹಕ್ಕೆ ಏಳು ಮಿಲಿಮೀಟರಿಗಿಂತ ಕಡಿಮೆಯಾದರೆ ನಡೆಯುವುದಿಲ್ಲ. ಈ ಕಾರಣಕ್ಕೇ ಈಚೆಗೆ ಗೆರೆಯ ಪುಟಕ್ಕಿಂತ ಚೌಕದ ಪುಟ ಮೆಚ್ಚಿಕೊಂಡಿದ್ದೇನೆ. ದಿನಕ್ಕೊಂದು ಪುಟದ ಪ್ಲಾನರೆಂದು ಹೆಸರಾದ ಜಪಾನಿನ ಹೊಬೊನಿಚಿ ಟೆಚೊದಲ್ಲಿ ಈಗ ಬರುವ ಚೌಕ 3.7 ಮಿಲಿಮೀಟರಿನದು, ಎರಡು ಚೌಕಕ್ಕೊಂದು ಸಾಲಿನಂತೆ ಬರೆದರೆ 7.4 ಮಿಲಿಮೀಟರ್ ಸಿಗುತ್ತದೆ, ಒತ್ತಕ್ಷರಗಳು ನೆಮ್ಮದಿಯಾಗಿ ಕೂರುತ್ತವೆ.

ಇನ್ನು ಕಾಗದ. ಎ5 ಎಂದರೆ 148 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಎತ್ತರ. ಎ6 ಅದರ ಸರಿಯಾಗಿ ಅರ್ಧ. ವರ್ಷಕ್ಕೆ 365 ಪುಟವೆಂದರೆ 183 ಹಾಳೆ. ಕಾಗದದ ತೂಕವನ್ನು ಹೇಳುವ ಜಿಎಸ್‌ಎಂ, ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದರ ಅಳತೆ. ಸಾಮಾನ್ಯ 80 ಜಿಎಸ್‌ಎಂ ಕಾಗದದಲ್ಲಿ ಎ5 ಗಾತ್ರದ 183 ಹಾಳೆಗಳು ರಟ್ಟನ್ನು ಬಿಟ್ಟೇ ಸುಮಾರು 455 ಗ್ರಾಂ ತೂಗುತ್ತವೆ. 52 ಜಿಎಸ್‌ಎಂ ಕಾಗದದಲ್ಲಾದರೆ 300 ಗ್ರಾಂ ಒಳಗೇ ಉಳಿಯುತ್ತವೆ. ಮೇಜಿನ ಮೇಲೆ ಮಲಗಿರುವ ಪುಸ್ತಕಕ್ಕೆ ಈ ಲೆಕ್ಕ ಬೇಕಿಲ್ಲ, ಆದರೆ ಚೀಲದಲ್ಲಿ ಹೊತ್ತು ತಿರುಗುವವರಿಗೆ ಈ ವ್ಯತ್ಯಾಸ ಭುಜಕ್ಕೆ ತಿಳಿಯುತ್ತದೆ.

ತೆಳ್ಳನೆಯ ಕಾಗದವೆಂದರೆ ಇಂಕು ಹಿಂಬದಿಗೆ ಇಳಿಯುತ್ತದೆ ಎಂಬುದು ಪೂರ್ತಿ ನಿಜವಲ್ಲ. ಇಂಕು ಇಳಿಯುವುದೂ ಅಕ್ಷರದ ಅಂಚು ಹರಡುವುದೂ ದಪ್ಪಕ್ಕಿಂತ ಹೆಚ್ಚಾಗಿ, ಕಾಗದ ನೀರನ್ನು ಹೀರದಂತೆ ಅದಕ್ಕೆ ಎಷ್ಟು ಅಂಟಿನ ಸಂಸ್ಕಾರ ಕೊಟ್ಟಿದ್ದಾರೆ ಎಂಬುದನ್ನು ಅವಲಂಬಿಸಿದೆ. ಟೊಮೊಎ ರಿವರ್ ಎಂಬ 52 ಜಿಎಸ್‌ಎಂ ಕಾಗದ ಫೌಂಟನ್ ಪೆನ್ನನ್ನೂ ತಡೆದುಕೊಳ್ಳುತ್ತದೆ. ನನ್ನಲ್ಲಿರುವ 90 ಜಿಎಸ್‌ಎಂನ ಒಂದು ಪುಸ್ತಕ ಜೆಲ್ ಪೆನ್ನಿಗೇ ಸೋತಿದೆ. ತೆಳು ಕಾಗದದಲ್ಲಿ ಹಿಂದಿನ ಪುಟದ ಬರಹ ನೆರಳಿನಂತೆ ಕಾಣುವುದು ಬೇರೆ ಮಾತು, ಅದಕ್ಕೆ ಕಣ್ಣು ಒಗ್ಗುತ್ತದೆ. ಫೌಂಟನ್ ಪೆನ್ನಿನವರು ಇನ್ನೊಂದಕ್ಕೂ ಒಗ್ಗಬೇಕು: ಹೀರದ ಕಾಗದದ ಮೇಲೆ ಇಂಕು ಬೇಗ ಒಣಗುವುದಿಲ್ಲ, ಅವಸರದಲ್ಲಿ ಪುಸ್ತಕ ಮುಚ್ಚಿದರೆ ಇಂದಿನ ಬರಹ ಎದುರು ಪುಟದ ಮೇಲೂ ಮೂಡಿರುತ್ತದೆ.

ಪೆನ್ನಿನ ಬಗ್ಗೆ ನನ್ನ ಪಾಠ ಕಹಿಯಾಗಿಯೇ ಬಂತು. ಒಮ್ಮೆ ಪುಸ್ತಕಗಳಿದ್ದ ಕಪಾಟಿನೊಳಗೆ ನೀರಿಳಿದು, ತೊಳೆದರೆ ಹೋಗುವ ನೀಲಿ ಇಂಕಿನಲ್ಲಿ ಬರೆದ ಇಡೀ ಎರಡು ತಿಂಗಳು ತಿಳಿ ನೀಲಿಯ ಕಲೆಗಳಾಗಿ ಉಳಿದವು. ನಡುವೆ ಬಾಲ್‌ಪೆನ್ನಿನಲ್ಲಿ ಗೀಚಿದ ನಾಲ್ಕು ದಿನಗಳು ಮಾತ್ರ ಅಕ್ಷರಕ್ಕೆ ಅಕ್ಷರ ಓದಲು ಸಿಕ್ಕವು. ಬಾಲ್‌ಪೆನ್ನಿನ ಇಂಕು ಎಣ್ಣೆಯಂಥ ದ್ರಾವಣದಲ್ಲಿರುವುದರಿಂದ ನೀರಿಗೆ ಜಗ್ಗುವುದಿಲ್ಲ. ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಪಿಗ್ಮೆಂಟ್ ಇಂಕು ತುಂಬಿದ ಪೆನ್ನುಗಳೂ ಒಣಗಿದ ಮೇಲೆ ಹಾಗೆಯೇ. ಉಜ್ಜಿದರೆ ಅಳಿಸಿಹೋಗುವ ಫ್ರಿಕ್ಷನ್ ಜಾತಿಯ ಪೆನ್ನುಗಳನ್ನಂತೂ ದಿನಚರಿಯ ಹತ್ತಿರ ತರಬಾರದು. ಅವುಗಳ ಬಣ್ಣ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾಯವಾಗುತ್ತದೆ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಮುಂಭಾಗದಲ್ಲಿ ಪುಸ್ತಕ ಬಿಟ್ಟು ಹೋದರೆ ಮರಳಿ ಬರುವಷ್ಟರಲ್ಲಿ ತಿಂಗಳುಗಳೇ ಬೆಳ್ಳಗಾಗಿರಬಹುದು.

ಬೈಂಡಿಂಗ್ ನೋಡಲು ಪುಸ್ತಕದ ಬೆನ್ನನ್ನು ತಲೆಯ ಕಡೆಯಿಂದ ದಿಟ್ಟಿಸಬೇಕು. ಹಾಳೆಗಳು ಸಣ್ಣ ಸಣ್ಣ ಕಟ್ಟುಗಳಾಗಿ ಮಡಿಚಿಕೊಂಡು, ಪ್ರತಿ ಕಟ್ಟಿನ ನಡುವೆ ದಾರ ಕಂಡರೆ ಅದು ಹೊಲಿಗೆಯ ಪುಸ್ತಕ; ಬರಿಯ ಅಂಟಿನದಾದರೆ ದಿನವೂ ತೆರೆದು ಒತ್ತುವ ಒತ್ತಡಕ್ಕೆ ಬೆನ್ನು ಸೀಳಿ, ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತವೆ. ಫೋಟೊ, ಟಿಕೆಟ್ಟು ಅಂಟಿಸುವ ಚಟವುಳ್ಳವರು ಇದನ್ನು ಎರಡು ಸಲ ನೋಡಲಿ, ಏಕೆಂದರೆ ವರ್ಷದ ಕೊನೆಗೆ ಅವರ ಪುಸ್ತಕದ ಬಾಯಿ ಬೆನ್ನಿನ ಎರಡರಷ್ಟು ಅಗಲವಾಗಿರುತ್ತದೆ. ರಟ್ಟಿನ ಬಣ್ಣ, ರಿಬ್ಬನ್, ಎಲಾಸ್ಟಿಕ್ ಪಟ್ಟಿ ಇವೆಲ್ಲ ಅವರವರ ಇಷ್ಟ.

ಈ ಸಲ ನಾನು ಆರಿಸಿರುವುದು ಎ5 ಗಾತ್ರದ, ಚೌಕದ ಪುಟದ, ಹೊಲಿಗೆಯ ಬೈಂಡಿಂಗಿನ, ಭಾನುವಾರಕ್ಕೂ ಪೂರ್ತಿ ಪುಟವಿರುವ ಒಂದನ್ನು. ಅದರ ಮೊದಲ ಆರು ಪುಟಗಳು ವರ್ಷದ ಗುರಿಗಳನ್ನು ಬರೆಯಲೆಂದು ಮೀಸಲಾಗಿವೆ. ಅಲ್ಲಿ ನನ್ನಲ್ಲಿರುವ ಎಲ್ಲ ಪೆನ್ನುಗಳಿಂದ ಒಂದೊಂದು ಸಾಲು ‘ಸ್ತ್ರೀ’ ಎಂದು ಬರೆದು, ಯಾವುದು ಹಿಂಬದಿಗೆ ಇಳಿಯಿತೆಂದು ಪಕ್ಕದಲ್ಲಿ ಗುರುತು ಮಾಡಿಟ್ಟಿದ್ದೇನೆ.