ಎಷ್ಟು ಇಂಚು ಅಂದವರು ಎಷ್ಟು ಮೂಟೆ ಅನ್ನಲಿಲ್ಲ

"ಮೂಟೆ ಹೇರಿದ್ರೆ ಲೈಟು ಮರದ ತುದಿಗೆ ಹೊಡಿತದೆ ಸಾರ್, ರಸ್ತೆ ಕಾಣಲ್ಲ."

ಸಕಲೇಶಪುರದ ಕಡೆಯ ಕಾಫಿ ತೋಟದಿಂದ ಇಸುಜು ವಿ-ಕ್ರಾಸ್ ಪಿಕಪ್ ತಂದಿದ್ದ ಡ್ರೈವರ್, ಈ ಮಂಗಳವಾರ ಹಾಸನದ ಅಲೈನ್‌ಮೆಂಟ್ ಅಂಗಡಿಯಲ್ಲಿ ಹೇಳಿದ ಮಾತು. ಅಲ್ಲಿದ್ದವರು ನಕ್ಕರು. ನಗುವ ಮಾತಲ್ಲ ಅದು. ಆ ಗಾಡಿಗೆ ಏನೇನು ತಪ್ಪಾಗಿದೆಯೋ ಅಷ್ಟೂ ಆ ಒಂದು ಮಾತಿನಲ್ಲಿತ್ತು.

ಗಾಡಿಯ ಮುಂಭಾಗ ಮೂರು ಇಂಚು ಎತ್ತರಿಸಿದ್ದರು. ಕಂಪನಿಯ 255/65 ಆರ್17 ಟಯರ್ (ಅಗಲ 255 ಮಿ.ಮೀ., ಪಕ್ಕದ ಗೋಡೆ ಆ ಅಗಲದ ಶೇ. 65, ರಿಮ್ 17 ಇಂಚು) ತೆಗೆದು 285/70 ಆರ್17 ಮಡ್ ಟಯರ್ ಹಾಕಿದ್ದರು. ಹಿಂದಿನ ಪಾಟಾ, ಅಂದರೆ ಲೀಫ್ ಸ್ಪ್ರಿಂಗು, ಮುಟ್ಟಿರಲಿಲ್ಲ. ಖಾಲಿ ನಿಂತಾಗ ಹಿಂದೆ ಮುಂದೆ ಒಂದೇ ಮಟ್ಟ, ನೋಡಲು ಚೆಂದ. ಆದರೆ ಪಿಕಪ್ಪಿನ ಹಿಂಭಾಗ ಖಾಲಿ ಇರುವಾಗ ಸ್ವಲ್ಪ ಎತ್ತರ ಇರುವುದು ಹೊರೆ ಬಿದ್ದಾಗ ಮಟ್ಟಕ್ಕೆ ಬರಲಿ ಅಂತ. ಆ ವ್ಯತ್ಯಾಸವನ್ನೇ ಅಳಿಸಿದರೆ ಹನ್ನೆರಡು ಮೂಟೆ ಪೊಟ್ಯಾಶ್, ಅಂದರೆ 600 ಕೆಜಿ ಹೇರಿದ ಕೂಡಲೇ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತದೆ. ಲೈಟು ಮರಕ್ಕೆ ಬೀಳುತ್ತದೆ, ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರಾಗುತ್ತದೆ. ಜಾರುವ ಕೆಮ್ಮಣ್ಣಿನ ಏರಿನಲ್ಲಿ ಇದು ಹುಡುಗಾಟವಲ್ಲ.

ಎತ್ತರಿಸಿದ ಗ್ಯಾರೇಜಿನವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಎಷ್ಟು ಇಂಚು ಎತ್ತಣ?" ತೋಟದ ಸಣ್ಣ ಗೌಡರು ಮೂರು ಅಂದಿದ್ದಾರೆ. ಗೌಡರನ್ನು ದೂರಲು ಮನಸ್ಸು ಬರುವುದಿಲ್ಲ. ಶೋಕಿಯ ಮನುಷ್ಯರಲ್ಲ, ಮಳೆಗಾಲದಲ್ಲಿ ಆಳುಗಳನ್ನು ಮನೆ ಮುಟ್ಟಿಸಲು ಬೇಕು ಅಂತಲೇ ದುಡ್ಡು ಹಾಕಿದವರು. ಎಷ್ಟು ಮೂಟೆ ಹೇರುತ್ತೀರಿ, ದಿನಾ ಹೇರುತ್ತೀರೋ ವಾರಕ್ಕೊಮ್ಮೆಯೋ ಅಂತ ಕೇಳಬೇಕಾದ್ದು ಕೆಲಸ ಗೊತ್ತಿದ್ದವರು.

ಡ್ರೈವರಣ್ಣ ಬಗ್ಗಿ ಬಲಗಡೆ ಮುಂದಿನ ಚಕ್ರದ ಒಳಮೈ ತೋರಿಸಿದರು. ರಿಮ್ಮಿನ ಒಳಗೆ, ಬ್ರೇಕ್ ಹೋಸ್ ಮೇಲೆ, ಕಮಾನಿನಂತೆ ಕಪ್ಪು ಗ್ರೀಸು ಚಿಮ್ಮಿತ್ತು. ಆಕ್ಸಲ್‌ನ ರಬ್ಬರ್ ಬೂಟು ಮಡಿಕೆ ಮಡಿಕೆ ಇರುತ್ತದಲ್ಲ, ಅದರಲ್ಲಿ ಎರಡು ಮಡಿಕೆ ಒಂದಕ್ಕೊಂದು ತೀಡಿ ತೀಡಿ ಬ್ಲೇಡಿನಲ್ಲಿ ಕೊಯ್ದ ಹಾಗೆ ಹರಿದಿತ್ತು. ಒಳಗೆ ಬೆರಳಿಟ್ಟರೆ ಗ್ರೀಸಿನ ಜೊತೆ ಮರಳು ಸಿಕ್ಕಿತು. ಅವರು ಬೆರಳನ್ನು ಲುಂಗಿಗೆ ಒರೆಸಿಕೊಂಡು ಮತ್ತೆ ಅದೇ ಅಂದರು, "ಲೈಟು ಮರಕ್ಕೆ ಹೊಡಿತದೆ."

ಆ ಮೂರು ಇಂಚು ಬಂದದ್ದು ಸ್ಪೇಸರಿನಿಂದ. ಶಾಕ್ ಅಬ್ಸಾರ್ಬರ್ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮಿನ ತುದಿಗಲ್ಲ, ನಡುವಿನ ಹತ್ತಿರ ಕೂರುತ್ತದೆ. ಹಾಗಾಗಿ ಅದರ ತಲೆಯ ಮೇಲೆ 25 ಮಿ.ಮೀ. ತುಂಡು ಇಟ್ಟರೆ ಚಕ್ರದ ಬಳಿ ಹೆಚ್ಚುಕಡಿಮೆ ಅದರ ಇಮ್ಮಡಿ ಎತ್ತರ ಸಿಗುತ್ತದೆ. ಅಗ್ಗ, ಅರ್ಧ ದಿನದ ಕೆಲಸ. ಆದರೆ ಗುಂಡಿಯಲ್ಲಿ ಚಕ್ರ ಜೋತಾಗ ಮೊದಲು ನಿಲ್ಲುತ್ತಿದ್ದ ಜಾಗ ದಾಟಿ ಇನ್ನೂ ಕೆಳಗೆ ಹೋಗುತ್ತದೆ. ಆಗ ಆಕ್ಸಲ್ ಜಾಯಿಂಟು, ಮೇಲಿನ ಬಾಲ್ ಜಾಯಿಂಟು ಎರಡೂ ಮಿತಿ ಮೀರಿ ಬಾಗುತ್ತವೆ. ಎರಡು ಇಂಚಿನ ಒಳಗಿದ್ದರೆ ಸಾಮಾನ್ಯವಾಗಿ ತಡೆಯುತ್ತದೆ. ಅದಕ್ಕಿಂತ ಮೇಲೆ ಹೋಗುವುದಾದರೆ ಮೇಲಿನ ಆರ್ಮ್ ಬೇರೆಯೇ ಹಾಕಬೇಕು, ಎರಡು ಚಕ್ರಕ್ಕೆ ಎಳೆತ ಹಂಚುವ ಮುಂದಿನ ಡಿಫರೆನ್ಷಿಯಲ್ ಇಳಿಸಬೇಕು, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರು ಬಿಗಿಯುತ್ತವೆಯೋ ನೋಡಬೇಕು. ಇಲ್ಲಿ ಇವು ಯಾವುದೂ ಆಗಿರಲಿಲ್ಲ. ಅಲೈನ್‌ಮೆಂಟ್ ಯಂತ್ರದಲ್ಲಿ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ವಾಲು, ಎಷ್ಟು ಇಳಿದಿತ್ತೆಂದರೆ ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ವಾಪಸ್ ಬರುವಂತಿರಲಿಲ್ಲ.

ಇಷ್ಟೆಲ್ಲ ಮಾಡಿಯೂ ಕಲ್ಲು ತಾಗುವುದು ಅಲ್ಲಿಗೇ. ಹಿಂದಿನ ಆಕ್ಸಲ್‌ನ ಗುಂಡು ಹೊಟ್ಟೆ ಗಾಡಿಯ ಅತಿ ಕೆಳಗಿನ ಭಾಗಗಳಲ್ಲೊಂದು. ಸಸ್ಪೆನ್ಷನ್ ಎತ್ತರಿಸಿದರೆ ಬಾಡಿ ಏಳುತ್ತದೆ, ಆ ಹೊಟ್ಟೆ ಕೂದಲೆಳೆಯಷ್ಟೂ ಏಳುವುದಿಲ್ಲ. ಅದನ್ನು ಎತ್ತುವುದು ಟಯರ್ ಒಂದೇ. ಆದ್ದರಿಂದ ಟಯರ್ ಮೊದಲು ಆರಿಸಿ, ಅದು ತಾಗದೆ ತಿರುಗಲು ಎಷ್ಟು ಬೇಕೋ ಅಷ್ಟೇ ಎತ್ತರಿಸಬೇಕು.

255/65 ಟಯರಿನ ಎತ್ತರ 763 ಮಿ.ಮೀ. 265/70 ಆದರೆ 803. ವ್ಯತ್ಯಾಸ 40, ಅದರ ಅರ್ಧ 20 ಮಿ.ಮೀ. ಆಕ್ಸಲ್ ಏಳುತ್ತದೆ. ಮೀಟರು 80 ತೋರಿಸುವಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ, ಸಹಿಸಬಹುದು. 285/70 ಅಂದರೆ 831 ಮಿ.ಮೀ. ಆಗ 80ಕ್ಕೆ 87. ಟಯರಿನ ತೂಕವೂ ಹೆಚ್ಚು, ಗೇರ್ ಎಳೆತ ಸೋಲುತ್ತದೆ, ಬ್ರೇಕ್ ಹಾಕಿದರೆ ಗಾಡಿ ದೂರ ಹೋಗಿ ನಿಲ್ಲುತ್ತದೆ, ಪೂರ್ತಿ ತಿರುಗಿಸಿದಾಗ ಫೆಂಡರಿನ ಪ್ಲಾಸ್ಟಿಕ್ ಕೆರೆಯುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದ್ದಾಗಿರಬೇಕು. ಫೋರ್‌ವೀಲ್ ಹಾಕಿ ಓಡಿಸುವಾಗ ಒಂದು ಚಕ್ರ ಚಿಕ್ಕದಿದ್ದರೆ ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸು ತಿರುಚಿಕೊಳ್ಳುತ್ತದೆ.

ಮಡ್ ಟಯರ್ ಬೇಡವೇ ಬೇಡ ಅಂತಲ್ಲ. ಮಲೆನಾಡಿನ ಅಂಟು ಕೆಸರು, ಮಣ್ಣು ಡಾಂಬರು ಎರಡಕ್ಕೂ ಆಗುವ ಆಲ್‌ಟೆರೇನ್ ಟಯರಿನ ಸಂದುಗಳಿಗೆ ತುಂಬಿಕೊಂಡು ಬೋಳು ಮಾಡುತ್ತದೆ, ಮಡ್ ಟಯರ್ ತಿರುಗುತ್ತಲೇ ಅದನ್ನು ಕೊಡವಿಕೊಳ್ಳುತ್ತದೆ. ಆದರೆ ಈ ಗಾಡಿ ವಾರಕ್ಕೆ ಮೂರು ಸಲ ಹಾಸನಕ್ಕೆ ಬರುತ್ತದೆ. ಒದ್ದೆ ಡಾಂಬರಿನಲ್ಲಿ ಮಡ್ ಟಯರಿನ ದಪ್ಪ ಗಟ್ಟಿಗಳು ಹಿಡಿತ ಬಿಡುತ್ತವೆ. ಇದಕ್ಕೆ 265/70ರ ಆಲ್‌ಟೆರೇನ್ ಸಾಕು, ಹೊರೆ ತಾಳುವ ಅಂಕಿ ಕಂಪನಿ ಟಯರಿಗಿಂತ ಕಡಿಮೆ ಇರಬಾರದು, ಅಷ್ಟೆ. ಖಾಲಿ ಗಾಡಿ ಕೆಸರಿಗೆ ಇಳಿಯುವ ಮುಂಚೆ ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿದರೆ ಸಿಗುವ ಹಿಡಿತ ಎಷ್ಟೋ ಜನಕ್ಕೆ ನಂಬಿಕೆಯೇ ಬರುವುದಿಲ್ಲ. ಮತ್ತೆ ತುಂಬಿಸಲು ಒಂದು ಕಂಪ್ರೆಸರ್ ಗಾಡಿಯಲ್ಲಿರಲಿ. ಮೂಟೆ ಇದ್ದಾಗ ಮಾತ್ರ ಇಳಿಸಬೇಡಿ.

ಈ ಗಾಡಿಗೆ ಆಗಬೇಕಾದ್ದು ಇಷ್ಟು. ಮುಂಭಾಗದಲ್ಲಿ ಸ್ಪೇಸರ್ ತೆಗೆದು, ಒಂದೂವರೆ ಇಂಚು ಕೊಡುವ ಬೇರೆ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕು. ಹಿಂದೆ ಕಾಯಂ 300 ಕೆಜಿ ಹೊರೆಗೆ ಮಾಡಿದ ಪಾಟಾ. ಪಾಟಾ ಕೆಳಗೆ ಕಬ್ಬಿಣದ ಬ್ಲಾಕ್ ಇಡುವುದು ಸುಲಭ, ಆದರೆ ಏರಿನಲ್ಲಿ ಆಕ್ಸಲ್ ಅದನ್ನೇ ಸನ್ನೆಗೋಲು ಮಾಡಿಕೊಂಡು ಪಾಟಾವನ್ನು ತಿರುಚುತ್ತದೆ. ಹಾಗಂತ 300 ಕೆಜಿಯ ಪಾಟಾ ದಿನಾ ಖಾಲಿ ಓಡುವ ಗಾಡಿಗೆ ಹಾಕಿದರೆ ಹಿಂಭಾಗ ಕುಪ್ಪಳಿಸುತ್ತದೆ. ಯು-ಬೋಲ್ಟ್ ಹಳೆಯದು ಬೇಡ, ಹೊಸದು ಹಾಕಿ 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಆರ್ಮಿನ ಬುಷ್ ಬೋಲ್ಟನ್ನು ಗಾಡಿ ಜಾಕಿಯ ಮೇಲಿರುವಾಗ ಕೊನೆ ಬಿಗಿ ಕೊಡಬಾರದು. ಚಕ್ರ ನೆಲ ಮುಟ್ಟಿ ಭಾರ ಬಿದ್ದ ಮೇಲೆಯೇ ಕೊಡಬೇಕು, ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಈ ಗಾಡಿಯ ಬುಷ್‌ಗಳಲ್ಲೂ ಸೀಳು ಕಾಣುತ್ತಿತ್ತು.

ಗೌಡರಿಗೆ ಫೋನಿನಲ್ಲಿ ಹೇಳಿದ್ದು ಇನ್ನೊಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿರುವ ವಿವರ ತಯಾರಕರ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. ಆರ್‌ಟಿಒ ಮತ್ತು ವಿಮೆಯವರನ್ನು ಮೊದಲೇ ಕೇಳದೆ ಬಿಡಿಭಾಗಕ್ಕೆ ಮುಂಗಡ ಕೊಡಬೇಡಿ ಅಂದೆ. ಆಗಲಿ ಅಂದರು.

ಶನಿವಾರ ಬೆಳಿಗ್ಗೆ ಗಾಡಿ ಮತ್ತೆ ಬರುತ್ತದೆ, ಅದೇ ಹನ್ನೆರಡು ಮೂಟೆ ಹೇರಿಕೊಂಡು. ಸಮತಟ್ಟು ನೆಲದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರಗಳ ಹಬ್ಬಿನ ನಡುವಿನಿಂದ ಫೆಂಡರಿನ ಅಂಚಿಗೆ ಟೇಪು ಹಿಡಿದು ಬರೆದುಕೊಳ್ಳಬೇಕು. ಆಮೇಲೆ ಮೂಟೆ ಇಳಿಸಿ ಇನ್ನೊಮ್ಮೆ. ಆ ಎಂಟು ಅಂಕಿ ಕೈಯಲ್ಲಿದ್ದರೆ ಸ್ಪ್ರಿಂಗಿಗೆ ಆರ್ಡರ್ ಕೊಡಬಹುದು. ಇಳಿಸಲು ತೋಟದಿಂದ ಇಬ್ಬರನ್ನು ಕರೆದುಕೊಂಡು ಬರ್ತೀನಿ ಅಂದಿದ್ದಾರೆ ಡ್ರೈವರಣ್ಣ.